ಚಿಪ್ಪಣ್ಣನ ಹೆಬ್ಬೆರಳು

ನಮ್ಮ ಓಣಿಯ ಕೊನೆಯ ಮನೆಯ ಮುಂಗೋಣೆಯಲ್ಲಿ ಕುಳಿತು, ಜನ ಬಿಸಾಡಿದ ಮೊಬೈಲುಗಳಿಂದ ವಿಡಿಯೋ ಗೇಮ್ ಪೆಟ್ಟಿಗೆ ಮಾಡುತ್ತಿದ್ದವನನ್ನು ಎಲ್ಲರೂ ಚಿಪ್ಪಣ್ಣ ಎಂದೇ ಕರೆಯುತ್ತಿದ್ದರು. ತರಗತಿಯಲ್ಲಿ ಹಾಜರಿ ಕೂಗುವಾಗ ನಾನು ಕರೆಯುತ್ತಿದ್ದ ಹೆಸರು ಬೇರೆ. ಅದು ಈಗ ಅವನ ತಾಯಿಯ ಬಾಯಲ್ಲಿಯೂ ಇಲ್ಲ. ಮೊಬೈಲಿನ ಹೊಟ್ಟೆಯಲ್ಲಿ ಉಗುರಿನಗಲದ ಕಪ್ಪು ಚಿಪ್ಪು ಇರುತ್ತದೆ, ಬುದ್ಧಿಯೆಲ್ಲ ಅದರಲ್ಲಿಯೇ ಇರುವುದು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಅವನು ಆ ಹೆಸರನ್ನು ತಾನಾಗಿಯೇ ಸಂಪಾದಿಸಿಕೊಂಡಿದ್ದನು.

ಶಾಲೆಯಲ್ಲಿ ಅವನು ಜಾಣನೂ ಅಲ್ಲ, ದಡ್ಡನೂ ಅಲ್ಲ, ಹಟಮಾರಿ. ಲೆಕ್ಕ ತಪ್ಪಾಯಿತೆಂದರೆ ಉಳಿದವರು ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ಇವನು ಮಾತ್ರ ಎದ್ದು ಬಂದು, "ಸಾರ್, ನನ್ನ ಉತ್ತರ ಸರಿ ಇದೆ. ಪುಸ್ತಕದ್ದೇ ತಪ್ಪು" ಎನ್ನುತ್ತಿದ್ದನು. ಒಂದು ಸಲ ನಿಜವಾಗಿಯೂ ಪುಸ್ತಕದ ಹಿಂಬದಿಯ ಉತ್ತರ ಅಚ್ಚಿನಲ್ಲಿ ತಪ್ಪಾಗಿತ್ತು. ಎಲ್ಲರ ಮುಂದೆ ನಾನು ಅವನ ಬೆನ್ನು ತಟ್ಟಿದೆ. "ಆ ಒಂದು ಗೆಲುವು ನನ್ನ ತಮ್ಮನನ್ನ ಜನ್ಮಕ್ಕಾಗೋಷ್ಟು ಕೆಡಿಸಿಬಿಡ್ತು ಸಾರ್" ಎಂದು ಅವನ ಅಕ್ಕ ಈಗಲೂ ನನ್ನ ಮೇಲೆ ಗೂಬೆ ಕೂರಿಸುತ್ತಾಳೆ.

ಆ ಅಕ್ಕನ ಗಂಡನದು ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಚಿಪ್ಪಣ್ಣ ಕೆಲಸ ಕಲಿತದ್ದು ಅಲ್ಲಿಯೇ. ಪರದೆ ಒಡೆದ ಮೊಬೈಲು ಹಿಡಿದು ಬರುವ ಗಿರಾಕಿಗಳು ಹೊಸ ಪರದೆಯ ಬೆಲೆ ಕೇಳಿ ಹೌಹಾರಿ, ಹಳೆಯದನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಿದ್ದರು. ಅಂಥವು ಒಂದು ಗೋಣಿಚೀಲದಲ್ಲಿ ತುಂಬಿ ಗುಜರಿಗೆ ಹೋಗುತ್ತಿದ್ದವು. ಚಿಪ್ಪಣ್ಣನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

"ಕನ್ನಡಕ ಒಡೀತು ಅಂತ ಮನುಷ್ಯನನ್ನೇ ಹೂಳ್ತಾರಾ ಭಾವ? ಒಳಗಿನ ಚಿಪ್ಪು ಗಟ್ಟಿಮುಟ್ಟಾಗಿದೆ. ಇದಕ್ಕೊಂದು ವೈರು ಹಚ್ಚಿ ಟಿ.ವಿ.ಗೆ ಕೊಟ್ಟರೆ, ದೊಡ್ಡ ಅಂಗಡಿಯಲ್ಲಿ ಗಾಜಿನ ಕಪಾಟಿನಲ್ಲಿಟ್ಟು ಮಾರ್ತಾರಲ್ಲ, ಅಂಥ ಆಟದ ಪೆಟ್ಟಿಗೆ ಆಗುತ್ತೆ. ಬಡವರ ಮನೆ ಮಕ್ಕಳೂ ಆಡಬಹುದು."

"ಆಗುತ್ತೆ, ಆಗುತ್ತೆ. ಚಿಪ್ಪು ಅಂತ ಹೇಳ್ತಾ ಹೇಳ್ತಾ ಕೊನೆಗೆ ಕೈಗೆ ಚಿಪ್ಪು ಬರುತ್ತೆ ನೋಡು" ಎಂದನು ಭಾವ. ಆದರೂ ಗೋಣಿಚೀಲವನ್ನು ಕೊಟ್ಟು ಕಳುಹಿಸಿದನು. ಭಾವನ ಬಾಯಿ ಕೆಟ್ಟದ್ದು, ಮನಸ್ಸಲ್ಲ.

ಅಂದಿನಿಂದ ಮುಂಗೋಣೆಯೇ ಕಾರ್ಖಾನೆಯಾಯಿತು. ಒಂದು ಹಲಗೆಯ ಮೇಜು, ಬೆಸುಗೆ ಕಡ್ಡಿ, ಅದನ್ನು ಒರೆಸಲು ಒದ್ದೆ ಸ್ಪಂಜು, ಗೋಡೆಗೆ ಒರಗಿಸಿದ ಹಳೆಯ ಟಿ.ವಿ. ಕಿಟಕಿಯ ಬಳಿ ಮಂಚದ ಮೇಲೆ ಅವನ ತಾಯಿ. ಆಕೆಯ ಕಣ್ಣಿಗೆ ಪೊರೆ ಬಂದು ಟಿ.ವಿ.ಯ ಪರದೆಯೆಂದರೆ ಬರಿಯ ಬೆಳಕಿನ ಚೌಕವಾಗಿತ್ತು. ಆದರೆ ಸುಮ್ಮನೆ ಕೂರುವ ಜೀವವಲ್ಲ. ಮೊಬೈಲುಗಳಿಂದ ಬಿಚ್ಚಿದ ಎಳ್ಳುಕಾಳಿನಷ್ಟು ಸ್ಕ್ರೂಗಳನ್ನು ಬೆರಳಿನಿಂದಲೇ ಗುರುತಿಸಿ, ಗಾತ್ರಕ್ಕೆ ತಕ್ಕಂತೆ ಡಬ್ಬಿಗಳಿಗೆ ಹಾಕುತ್ತಿದ್ದಳು. ಮಗನ ಮದುವೆಯ ಮಾತೆತ್ತಿದರೆ "ಇದೊಂದು ಮುಗೀಲಿ ಅಮ್ಮ" ಎಂಬ ಉತ್ತರ. "ಇದು ಮುಗಿಯೋ ಹೊತ್ತಿಗೆ ನಾನು ಮುಗೀತೀನಿ" ಎಂದು ಆಕೆಯ ಗೊಣಗಾಟ.

ಪೆಟ್ಟಿಗೆಯೆಂದರೆ ಗೋಡೆಗೆ ಹೊಡೆಯುವ ಸ್ವಿಚ್ ಬೋರ್ಡಿನ ಬಿಳಿ ಪ್ಲಾಸ್ಟಿಕ್ ಡಬ್ಬವೇ. ಅದರೊಳಗೆ ಮೊಬೈಲಿನ ಬೋರ್ಡು. ಕೈಯಲ್ಲಿ ಹಿಡಿಯಲು ಗುಂಡಿಗಳಿದ್ದ ಒಂದು ಜಾಯ್‌ಸ್ಟಿಕ್. ಬ್ಯಾಟರಿಯಿಲ್ಲದೆ ಏಳುವುದಿಲ್ಲವೆಂದು ಮೊಂಡು ಹಿಡಿದ ಬೋರ್ಡುಗಳನ್ನು ಉಪಾಯದಿಂದ ಎಬ್ಬಿಸಿದನು. ಕಾದು ಕೆಂಡವಾಗುತ್ತಿದ್ದ ಚಿಪ್ಪಿಗೆ ತಗಡಿನ ತುಂಡು ಅಂಟಿಸಿ ತಣಿಸಿದನು. ಎಲ್ಲದಕ್ಕೂ ಮಣಿಯದೆ ಉಳಿದದ್ದು ಒಂದೇ, ತೊದಲು. ಮೊಬೈಲಿನ ಪುಟ್ಟ ಪರದೆಗೆ ಚಿತ್ರ ಬಿಡಿಸಿ ರೂಢಿಯಾಗಿದ್ದ ಚಿಪ್ಪು ಟಿ.ವಿ.ಯ ದೊಡ್ಡ ಪರದೆಗೆ ಬಿಡಿಸುವಾಗ ತಡವರಿಸುತ್ತಿತ್ತು. ಚಿತ್ರ ಓಡುತ್ತ ಓಡುತ್ತ ಗಕ್ಕನೆ ನಿಂತು ಮತ್ತೆ ಓಡುವುದು.

ಅದಕ್ಕೆ ಅವನು ಹೂಡಿದ ಉಪಾಯವನ್ನು ನನಗೆ ಬಹಳ ಹೆಮ್ಮೆಯಿಂದ ವಿವರಿಸಿದ್ದನು. "ಓದೋಕೆ ಬರದ ಹುಡುಗ ಮೊದಲೇ ನಾಲ್ಕು ವಾಕ್ಯ ಬಾಯಿಪಾಠ ಮಾಡ್ಕೊಂಡು ಬಂದು ಸರಾಗವಾಗಿ ಒಪ್ಪಿಸಿಬಿಡ್ತಾನಲ್ಲ ಸಾರ್, ಹಾಗೆ. ಚಿಪ್ಪು ಮುಂದಿನ ಚಿತ್ರಗಳನ್ನ ಮೊದಲೇ ಬಿಡಿಸಿ ಸಾಲಾಗಿ ಇಟ್ಕೊಳ್ಳುತ್ತೆ. ಟಿ.ವಿ. ಒಂದೊಂದೇ ತೆಗೆದು ತೋರಿಸುತ್ತೆ. ತೊದಲೇ ಇಲ್ಲ." ಮೊದಮೊದಲು ಸಾಲಿನಲ್ಲಿ ಒಂದೆರಡು ಚಿತ್ರಗಳಿದ್ದವು. ಮತ್ತೆಲ್ಲಾದರೂ ತಡವರಿಸಿದರೆ ಇನ್ನೊಂದು ಸೇರಿಸುತ್ತಿದ್ದನು. ತಿಂಗಳುಗಳು ಕಳೆದಂತೆ ಸಾಲು ಬೆಳೆಯಿತು. ಚಿತ್ರ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಡಲಾರಂಭಿಸಿತು.

ಪರೀಕ್ಷೆಗೆ ಅವನು ಬಳಸುತ್ತಿದ್ದದ್ದು ಕಪ್ಪೆಯ ಆಟ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಾದ ಆಟವದು. ಕಪ್ಪೆಯೊಂದು ತಾನಾಗಿ ಓಡುತ್ತಿರುತ್ತದೆ. ಹಳ್ಳ ಬಂದಾಗ ಗುಂಡಿಯನ್ನು ಟಕ್ಕೆಂದು ಒತ್ತಿದರೆ "ಟುಂಯ್" ಎಂದು ಹಾರುತ್ತದೆ. ಹಿಂದೆ ಮೋಡಗಳು ತೇಲುತ್ತವೆ, ಮರಗಳು ಸರಿಯುತ್ತವೆ. ಚಿಪ್ಪಣ್ಣ ಆಡಿದರೆ ಕಪ್ಪೆ ಒಂದೇ ಒಂದು ಹಳ್ಳಕ್ಕೂ ಬೀಳುತ್ತಿರಲಿಲ್ಲ. ನನಗೂ ಒಮ್ಮೆ ಕೊಟ್ಟನು. ಮೊದಲನೆಯ ಹಳ್ಳದಲ್ಲಿಯೇ ಮುಳುಗಿದೆ. ವಯಸ್ಸಾಯಿತೆಂದು ನಕ್ಕು ಜಾಯ್‌ಸ್ಟಿಕ್ಕನ್ನು ಹಿಂದಿರುಗಿಸಿದೆ.

ದೊಡ್ಡ ಅಂಗಡಿಯ ದುಬಾರಿ ಪೆಟ್ಟಿಗೆಯಲ್ಲಿ ಅವನು ಒಮ್ಮೆಯೂ ಆಡಿರಲಿಲ್ಲ. "ನನ್ನದು ಅದರ ಪಕ್ಕದಲ್ಲಿ ಕೂರೋ ತನಕ ಅದನ್ನ ಮುಟ್ಟೋದಿಲ್ಲ" ಎಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದನು. ಕಷ್ಟಗಳೆಲ್ಲ ಹುಟ್ಟಿದ್ದು ಆ ಆಣೆಯಿಂದ.

ಮೊದಲ ಪೆಟ್ಟಿಗೆಯನ್ನು ಅವನು ನಮ್ಮ ಓಣಿಯ ಕ್ಷೌರದಂಗಡಿಗೆ ಕೊಟ್ಟನು. ಸರದಿಗೆ ಕಾಯುವವರು ಆಡುತ್ತಿರಲಿ, ಹೆಸರಾಗಲಿ ಎಂಬ ಆಸೆ. ವಾರ ತುಂಬುವ ಮೊದಲೇ ಕ್ಷೌರಿಕ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದನು.

"ಚಿಪ್ಪಣ್ಣ, ಇದು ಸೋಮಾರಿ ಕಪ್ಪೆ ಕಣಯ್ಯ. ಒತ್ತಿದ್ದು ಈಗ, ಹಾರೋದು ಅದಕ್ಕೆ ಮನಸ್ಸು ಬಂದಾಗ."

ಚಿಪ್ಪಣ್ಣ ಅಲ್ಲಿಯೇ ಪೆಟ್ಟಿಗೆಯನ್ನು ಕಿತ್ತುಕೊಂಡು, ಅವನನ್ನೂ ಎಳೆದುಕೊಂಡು ಕ್ಷೌರದಂಗಡಿಗೆ ಹೋದನು. ಸಂಜೆಯ ಹೊತ್ತು, ಅಂಗಡಿ ತುಂಬ ಜನ. ನಾನೂ ನನ್ನ ಸರದಿಗೆ ಕಾಯುತ್ತಿದ್ದೆ. ಎಲ್ಲರೆದುರು ಜೋಡಿಸಿ ಆಡಿ ತೋರಿಸಿದನು. ಕಪ್ಪೆ ಹಳ್ಳದ ಮೇಲೆ ಹಳ್ಳ ದಾಟಿತು.

"ಎಲ್ಲಿದೆ ದೋಷ? ತೋರಿಸಿ ನೋಡೋಣ. ಪೆಟ್ಟಿಗೆ ಸರಿ ಇದೆ. ನಿಮ್ಮ ಕೈಯೇ ನಿಧಾನ."

ಕತ್ತಿ ಹಿಡಿದು ಬದುಕುವವನಿಗೆ, ಅದೂ ಅವನ ಗಿರಾಕಿಗಳ ಮುಂದೆ, ಕೈ ಸರಿಯಿಲ್ಲ ಎಂದಂತಾಯಿತು. ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದವನು ಮೆಲ್ಲನೆ ಗಂಟಲು ಮುಟ್ಟಿ ನೋಡಿಕೊಂಡನು. ಕ್ಷೌರಿಕ ಮುಂದೆ ಬಂದನು. ಪೆಟ್ಟಿಗೆಯ ವೈರನ್ನು ಕಿತ್ತು, ಸುತ್ತಿ, ಚಿಪ್ಪಣ್ಣನ ಕೈಯಲ್ಲಿಟ್ಟು ಬಾಗಿಲು ತೋರಿಸಿದನು.

ಆಮೇಲೆ ಕೊಟ್ಟ ಮನೆಗಳಿಂದಲೂ ಇದೇ ದೂರು. ಪ್ರತಿಯೊಂದು ಮನೆಗೂ ಹೋಗಿ ಇವನು ಆಡಿ ತೋರಿಸಿ, ಗೆದ್ದು, ಸೋತ ಮುಖ ಹೊತ್ತು ಬರುತ್ತಿದ್ದನು. "ಒಬ್ಬರಿಗಾದರೂ ಆಡೋಕೆ ಬರಲ್ಲ ಸಾರ್! ನಾನೇನು ಪೆಟ್ಟಿಗೆ ಜೊತೆ ಬೆರಳೂ ಮಾಡಿಕೊಡಬೇಕಾ?" ಎಂದು ನನ್ನ ಮುಂದೆ ಹಲ್ಲು ಕಡಿಯುತ್ತಿದ್ದನು. ಭಾವನ ತಾಳ್ಮೆಯೂ ಮುಗಿಯಿತು. "ಕೌಂಟರಿನ ಹಿಂದೆ ನಿನ್ನ ಸ್ಟೂಲು ಹಾಗೇ ಇಟ್ಟಿದ್ದೀನಿ. ಈ ತಿಂಗಳು ಮುಗಿದ ಮೇಲೆ ಬೇರೆಯವನನ್ನ ಕೂರಿಸ್ತೀನಿ. ಅಷ್ಟರೊಳಗೆ ಯಾವುದಾದರೂ ಅಂಗಡಿಯವನು ನಿನ್ನ ಡಬ್ಬ ಇಟ್ಕೊಂಡರೆ ಸರಿ, ಇಲ್ಲದಿದ್ದರೆ ಬಾಯಿ ಮುಚ್ಕೊಂಡು ಬಂದು ಕೂತ್ಕೊ" ಎಂದನು.

ಆ ಸ್ಟೂಲಿಗೆ ಹಿಂದಿರುಗುವುದೆಂದರೆ ಚಿಪ್ಪಣ್ಣನ ಪಾಲಿಗೆ ಪುಸ್ತಕದ ಉತ್ತರವೇ ಸರಿಯೆಂದು ಒಪ್ಪಿಕೊಂಡಂತೆ. ಪೇಟೆಯ ದೊಡ್ಡ ಟಿ.ವಿ. ಅಂಗಡಿಯ ಯಜಮಾನರನ್ನು ಕಾಡಿ ಬೇಡಿ ಒಪ್ಪಿಸಿದನು. ಭಾನುವಾರ ಬಂದು ಆಡಿ ತೋರಿಸಬೇಕು. ಮೆಚ್ಚಿಗೆಯಾದರೆ ಒಂದು ಶೆಲ್ಫಿನಲ್ಲಿ ಜಾಗ. "ನೀವೂ ಬನ್ನಿ ಸಾರ್. ನಿಮ್ಮ ಮುಖ ನೋಡಿಯಾದರೂ ಮಾತಿಗೆ ತೂಕ ಬರುತ್ತೆ" ಎಂದು ನನ್ನನ್ನೂ ಹೊರಡಿಸಿದನು.

ಯಜಮಾನರು ಮೃದುಮಾತಿನವರು. ಬಿಳಿಯ ಸ್ವಿಚ್ ಡಬ್ಬವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಪಕ್ಕದ ಟಿ.ವಿ.ಗೆ ದುಬಾರಿ ಪೆಟ್ಟಿಗೆಯನ್ನು ಹಚ್ಚಿ, ಅದರಲ್ಲಿಯೂ ಅದೇ ಕಪ್ಪೆಯ ಆಟವನ್ನು ಹಾಕಿಸಿದರು. "ಮೊದಲು ಇದರಲ್ಲಿ ಆಡಿ, ಆಮೇಲೆ ನಿಮ್ಮದರಲ್ಲಿ. ಹೋಲಿಸಿ ನೋಡದೆ ನಾನು ಹೇಗೆ ಹೇಳಲಿ?"

ಆಣೆ ಮುರಿಯದೆ ಬೇರೆ ದಾರಿಯಿರಲಿಲ್ಲ. ಚಿಪ್ಪಣ್ಣ ಜಾಯ್‌ಸ್ಟಿಕ್ ಹಿಡಿದನು. ಕಪ್ಪೆ ಓಡಿತು, ಹಳ್ಳ ಇನ್ನೂ ದೂರವಿರುವಾಗಲೇ ಹಾರಿ, ನೆಲಕ್ಕೆ ಬಂದು, ಎರಡು ಹೆಜ್ಜೆ ಓಡಿ ಹಳ್ಳಕ್ಕೆ ಬಿತ್ತು. ಮತ್ತೆ ಆಡಿದನು. ಮತ್ತೆ ಬಿತ್ತು. ಅವನ ಕಿವಿ ಕೆಂಪೇರಿತು.

"ಇದೇ ಕೆಟ್ಟಿದೆ ಸಾರ್! ಅವಸರದ ಪೆಟ್ಟಿಗೆ ಇದು. ಹೇಳೋ ಮುಂಚೆನೇ ಹಾರಿಬಿಡುತ್ತೆ!"

ತನ್ನದರಲ್ಲಿ ಎಂದಿನಂತೆ ಒಂದು ಹಳ್ಳವನ್ನೂ ಬಿಡದೆ ದಾಟಿದನು. ಅಂಗಡಿಯ ಮಾರಾಟದ ಹುಡುಗಿಯನ್ನು ಯಜಮಾನರು ಕರೆದು, "ನೀನು ಆಡಮ್ಮ" ಎಂದರು. ದುಬಾರಿ ಪೆಟ್ಟಿಗೆಯಲ್ಲಿ ಅವಳ ಕಪ್ಪೆ ಚಂಗನೆ ದಾಟಿತು. ಚಿಪ್ಪಣ್ಣನದರಲ್ಲಿ ನೇರವಾಗಿ ನೀರಿಗೆ. ಯಜಮಾನರೂ ಆಡಿದರು. ಅವರದೂ ನೀರಿಗೆ.

"ಚಿತ್ರ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಇದರಲ್ಲಿ ದಾಟೋಕೆ ಬರೋದು ನಿಮ್ಮೊಬ್ಬರಿಗೇ. ಪ್ರತಿ ಪೆಟ್ಟಿಗೆ ಜೊತೆ ನಿಮ್ಮನ್ನ ಕಳಿಸೋಕೆ ಆಗುತ್ತಾ? ಮುಂದಿನ ಭಾನುವಾರದ ತನಕ ನೋಡ್ತೀನಿ. ಆಮೇಲೆ ಆ ಜಾಗಕ್ಕೆ ಇಸ್ತ್ರಿ ಪೆಟ್ಟಿಗೆಗಳು ಬರ್ತವೆ."

ದಾರಿಯುದ್ದಕ್ಕೂ ಅವನು ಬೈದದ್ದೇ ಬೈದದ್ದು. ಯಜಮಾನರಿಗೆ ಹೊಟ್ಟೆಕಿಚ್ಚು, ಹುಡುಗಿಗೆ ಹೇಳಿಕೊಟ್ಟಿದ್ದಾರೆ, ದುಬಾರಿ ಪೆಟ್ಟಿಗೆಗೆ ಬುದ್ಧಿಯಿಲ್ಲ. ನನ್ನನ್ನೂ ಮನೆಗೆ ಕರೆತಂದು ತಾಯಿಯ ಮುಂದೆಯೂ ಅದನ್ನೇ ಊದಿದನು. "ಒತ್ತೋದೇ ತಡ, ಟಕ್ ಟುಂಯ್ ಎರಡೂ ಒಟ್ಟಿಗೇ ಆಗಿಬಿಡುತ್ತಮ್ಮ! ಅದೇನು ಆಟವಾ?"

ತಾಯಿ ಸ್ಕ್ರೂ ಆರಿಸುವುದನ್ನು ನಿಲ್ಲಿಸಿದಳು. "ಹೌದೇನೋ? ನಮ್ಮನೇದು ಟಕ್ ಅಂದು, ಒಂದು ಉಸಿರು ಎಳ್ಕೊಂಡು, ಆಮೇಲೆ ತಾನೆ ಟುಂಯ್ ಅನ್ನೋದು."

"ಯಾವ ಉಸಿರು?"

"ಆಡಿ ನೋಡು. ಕಣ್ಣು ಮುಚ್ಕೊಂಡು ಒತ್ತು."

ಅವನು ಟಿ.ವಿ. ಹಾಕಿ, ಕಣ್ಣು ಮುಚ್ಚಿ ಗುಂಡಿ ಒತ್ತಿದನು. ಟಕ್. ನಡುವೆ ಒಂದು ಖಾಲಿ ಜಾಗ. ಟುಂಯ್. ಮತ್ತೆ ಒತ್ತಿದನು. ಮತ್ತೆ ಅದೇ ಖಾಲಿ ಜಾಗ. ನನಗೂ ಈಗ ಸ್ಪಷ್ಟವಾಗಿ ಕೇಳಿಸಿತು. ಚಿಪ್ಪಣ್ಣ ಮೂರು ನಾಲ್ಕು ಸಲ ಒತ್ತಿ, ಜಾಯ್‌ಸ್ಟಿಕ್ಕನ್ನು ತೊಡೆಯ ಮೇಲಿಟ್ಟು, ತನ್ನ ಬಲಗೈಯ ಹೆಬ್ಬೆರಳನ್ನು ಯಾರದೋ ಬೆರಳೆಂಬಂತೆ ನೋಡಿದನು.

ಅವನಿಗೆ ಹೇಳಿಕೊಡಬೇಕಾದದ್ದೇನೂ ಇರಲಿಲ್ಲ. ಬಿಡಿಸಿ ಸಾಲಾಗಿ ಇಟ್ಟ ಚಿತ್ರಗಳೆಲ್ಲ ತೀರಿದ ಮೇಲೆಯೇ ಗುಂಡಿ ಒತ್ತಿದ ಫಲ ಪರದೆಗೆ ಬರುತ್ತಿತ್ತು. ಸಾಲು ಒಂದೊಂದೇ ಚಿತ್ರ ಬೆಳೆದಂತೆ ಅವನ ಹೆಬ್ಬೆರಳು ತನಗೂ ತಿಳಿಯದಂತೆ ಒಂದೊಂದು ಕೂದಲೆಳೆ ಮುಂಚಿತವಾಗಿ ಒತ್ತಲು ಕಲಿತಿತ್ತು. ಪೆಟ್ಟಿಗೆಯ ದೋಷವನ್ನು ಬೆರಳು ಮುಚ್ಚಿಹಾಕಿತ್ತು.

"ಮೊದಲೇ ಯಾಕೆ ಹೇಳಲಿಲ್ಲ ಅಮ್ಮ?" ಎಂದನು.

"ನೀನು ಕೇಳಿದ್ದೆಯಾ? ನಿನ್ನ ಕಪ್ಪೆ ಮಾತಾಡೋದೇ ಹಾಗೆ ಅಂದ್ಕೊಂಡಿದ್ದೆ. ಕೆಲವರು ತಡೆದು ಮಾತಾಡಲ್ವಾ?"

ಆ ವಾರ ಅವನು ಪಟ್ಟ ಪಾಡು ನೋಡಲಾಗದು. ಸಾಲನ್ನು ತೆಗೆದರೆ ಕಪ್ಪೆ ತಕ್ಷಣ ಹಾರುತ್ತದೆ, ಚಿತ್ರ ತೊದಲುತ್ತದೆ. ಸಾಲನ್ನು ಇಟ್ಟರೆ ತೊದಲಿಲ್ಲ, ಕಪ್ಪೆ ಸೋಮಾರಿ. ಎರಡನ್ನೂ ಒಟ್ಟಿಗೆ ಕೊಡುವಷ್ಟು ಕಸುವು ಆ ಚಿಪ್ಪಿಗಿರಲಿಲ್ಲ. ಉಳಿದದ್ದು ಒಂದೇ ದಾರಿ, ಚಿಪ್ಪಿನ ಹೊರೆ ಇಳಿಸುವುದು. ಆಟದೊಳಗಿನ ಅಲಂಕಾರಗಳನ್ನು ಒಂದೊಂದಾಗಿ ತೆಗೆದುಹಾಕಿದನು. ಮೊದಲು ನೀರಿನ ಹೊಳಪು ಹೋಯಿತು, ಆಮೇಲೆ ಮರಗಳು, ಕಡೆಗೆ ಮೋಡಗಳು. ಚಿತ್ರವನ್ನು ಒರಟು ಮಾಡಿದನು. "ಒಂದು ವರ್ಷ ನಯ ಮಾಡಿದ್ದನ್ನ ಒಂದು ವಾರದಲ್ಲಿ ನನ್ನ ಕೈಯಾರೆ ಹಾಳು ಮಾಡ್ತಾ ಇದ್ದೀನಿ ಸಾರ್" ಎಂದು ಒಂದು ಮಧ್ಯಾಹ್ನ ಬೆಸುಗೆ ಕಡ್ಡಿಯನ್ನು ಒದ್ದೆ ಸ್ಪಂಜಿನ ಮೇಲೆ ಕುಕ್ಕಿದನು. ಸ್ಪಂಜು ಚುಸ್ಸೆಂದಿತು.

ಅದಕ್ಕಿಂತ ದೊಡ್ಡ ಪೇಚು ಬೇರೆ ಇತ್ತು. ಹೊಸ ಪೆಟ್ಟಿಗೆ ಸರಿಯಾಯಿತೋ ಇಲ್ಲವೋ ಎಂದು ನೋಡಲು ಅವನಿಂದಲೇ ಆಗುತ್ತಿರಲಿಲ್ಲ. ಹೆಬ್ಬೆರಳು ಹಳೆಯ ಚಾಳಿ ಬಿಡದೆ ಮುಂಚಿತವಾಗಿ ಒತ್ತುತ್ತಿತ್ತು, ಕಪ್ಪೆ ಹಳ್ಳಕ್ಕೆ ಬೀಳುತ್ತಿತ್ತು. ಬೇರೊಬ್ಬರ ಕೈ ಬೇಕಾಗಿತ್ತು, ಚುರುಕಾದ ಕೈ. ಅಂಥ ಕೈ ಯಾರದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಎರಡು ದಿನ ಮುಖ ಗಂಟು ಹಾಕಿಕೊಂಡು ಕುಳಿತು, ಮೂರನೆಯ ದಿನ ಪೆಟ್ಟಿಗೆ ಹಿಡಿದು ಕ್ಷೌರದಂಗಡಿಯ ಮೆಟ್ಟಿಲು ಹತ್ತಿದನು. ನಾನು ಹಿಂದೆ ನಿಂತಿದ್ದೆ.

ಕ್ಷೌರಿಕ ಯಾರದೋ ಗಲ್ಲ ಹೆರೆಯುತ್ತಿದ್ದನು. ಕತ್ತಿಯನ್ನು ಎತ್ತಿ ಹಿಡಿದು ತಿರುಗಿದನು. "ಬಾರಯ್ಯ ಬಾ. ಈಗ ಹೇಳು, ಯಾರ ಕೈ ನಿಧಾನ?"

"ನನ್ನದೇ ಅವಸರ ಆಗಿತ್ತು. ತಪ್ಪಾಯ್ತು."

"ಇನ್ನೂ ಸ್ವಲ್ಪ ಗಟ್ಟಿಯಾಗಿ. ಅಂದು ಹೇಳಿದಷ್ಟೇ ಗಟ್ಟಿಯಾಗಿ."

"ತಪ್ಪಾಯ್ತು ಅಂದೆ!"

"ಹಾಂ, ಆ ಬೆಂಚಿನವರಿಗೂ ಕೇಳಿಸಿತು. ಕೊಡು ಇಲ್ಲಿ."

ಅವನು ಕೈ ಒರೆಸಿಕೊಂಡು ಆಡಲು ಕುಳಿತನು. ಟಕ್ ಟುಂಯ್, ಟಕ್ ಟುಂಯ್. ಕಪ್ಪೆ ಎಲ್ಲಿಯೂ ಬೀಳಲಿಲ್ಲ. ಚಿಪ್ಪಣ್ಣ ಅವನ ಮುಖವನ್ನೇ ನೋಡುತ್ತಿದ್ದನು, ಒಂದು ಒಳ್ಳೆಯ ಮಾತಿಗಾಗಿ. ಬಹಳ ಹೊತ್ತು ಆಡಿದ ಮೇಲೆ ಕ್ಷೌರಿಕ ತಲೆಯೆತ್ತಿ ಕೇಳಿದನು:

"ಎಲ್ಲ ಸರಿ, ಮೋಡಗಳೆಲ್ಲಿ ಹೋದವು? ಚೆನ್ನಾಗಿದ್ದವಲ್ಲಯ್ಯ!"

ಚಿಪ್ಪಣ್ಣ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟನು.

ಭಾನುವಾರ ಟಿ.ವಿ. ಅಂಗಡಿಗೆ ಭಾವನೂ ಬಂದಿದ್ದನು. ತಿಂಗಳು ಮುಗಿಯುತ್ತ ಬಂದಿತ್ತು. ಸೋತರೆ ಅಲ್ಲಿಂದಲೇ ಕೌಂಟರಿಗೆ ಕರೆದೊಯ್ಯುವ ಸಿದ್ಧತೆ. ಯಜಮಾನರು, "ಎಲ್ಲಿ, ಆಡಿ ತೋರಿಸಿ" ಎಂದರು. ಬೇರೆ ಯಾರಾದರೂ ಆಡಲಿ ಎಂದು ಚಿಪ್ಪಣ್ಣ ಗೋಗರೆದನು, ಅವರು ಒಪ್ಪಲಿಲ್ಲ. ಆಡಿದನು. ಬಿದ್ದನು. ಮತ್ತೆ ಆಡಿದನು, ಹೆಬ್ಬೆರಳನ್ನು ತಡೆಯಲು ಹೋಗಿ ಒತ್ತುವುದನ್ನೇ ಮರೆತು ಬಿದ್ದನು.

"ಹೋದ ವಾರ ನಿಮಗೊಬ್ಬರಿಗೇ ಬರ್ತಿತ್ತು. ಈ ವಾರ ನಿಮಗೂ ಬರಲ್ಲ!" ಎಂದು ಯಜಮಾನರು ನಕ್ಕರು.

ಭಾವನಿಗೆ ಅದೇಕೋ ಸಹಿಸಲಾಗಲಿಲ್ಲ. ಮನೆಯ ಹುಡುಗನನ್ನು ತಾನು ಎಷ್ಟಾದರೂ ಬೈಯಬಹುದು, ಹೊರಗಿನವರು ನಗಬಾರದು. "ಕೊಡೋ ಇಲ್ಲಿ" ಎಂದು ಜಾಯ್‌ಸ್ಟಿಕ್ಕನ್ನು ಕಸಿದುಕೊಂಡನು. ದಪ್ಪ ಬೆರಳುಗಳು, ಅಂಥ ಆಟ ಆಡಿದವನೇ ಅಲ್ಲ. ಮೊದಲ ಹಳ್ಳ ದಾಟಿತು. ಎರಡನೆಯದು ದಾಟಿತು. "ಏ! ಏ ನೋಡ್ರೀ!" ಎಂದು ಕೂಗಿದನು. ಮಾರಾಟದ ಹುಡುಗಿಯೂ ಆಡಿದಳು, ಯಜಮಾನರೂ ಆಡಿದರು. ಎಲ್ಲರ ಕಪ್ಪೆಯೂ ದಾಟಿತು. ಮತ್ತೆ ಕೈಗೆ ಬಂದ ಜಾಯ್‌ಸ್ಟಿಕ್ಕನ್ನು ಮರಳಿ ಕೊಡಲು ಭಾವ ಒಪ್ಪಲೇ ಇಲ್ಲ. "ಇನ್ನೊಂದೇ ಸಲ, ಇದೇ ಕೊನೆ" ಎಂದು ಕತ್ತನ್ನು ಮುಂದೆ ಚಾಚಿಕೊಂಡು ನಿಂತಿದ್ದನು.

ಯಜಮಾನರು ದುಬಾರಿ ಪೆಟ್ಟಿಗೆಯ ಚಿತ್ರವನ್ನೊಮ್ಮೆ, ಇದರ ಬೋಳು ಚಿತ್ರವನ್ನೊಮ್ಮೆ ನೋಡಿದರು. "ನೋಡೋಕೆ ಬಡಕಲು. ಆಡೋಕೆ ಪರವಾಗಿಲ್ಲ. ಕೆಳಗಿನ ಶೆಲ್ಫಿನಲ್ಲಿ ಇಡ್ತೀನಿ, ಹೋಗಲಿ."

ಕೆಳಗಿನ ಶೆಲ್ಫೆಂದರೆ ನೆಲಕ್ಕೆ ಅಂಟಿದ್ದು, ಇಸ್ತ್ರಿ ಪೆಟ್ಟಿಗೆಗಳಿಗಿಂತಲೂ ಕೆಳಗೆ. ದುಬಾರಿ ಪೆಟ್ಟಿಗೆಯ ಪಕ್ಕವಲ್ಲ. ಬಗ್ಗಿ ನೋಡಿದವರಿಗೆ ಮಾತ್ರ ಕಾಣುವ ಜಾಗ. ಚಿಪ್ಪಣ್ಣ ಮಂಡಿಯೂರಿ ತಾನೇ ಪೆಟ್ಟಿಗೆಗಳನ್ನು ಜೋಡಿಸಿಟ್ಟನು. ಎದ್ದು ನಿಂತಾಗ ಅವನ ಮುಖದಲ್ಲಿ ಗೆದ್ದವನ ಕಳೆ ಎಳ್ಳಷ್ಟೂ ಇರಲಿಲ್ಲ.

"ಏನೋ ಇದು, ಜಾಗ ಸಿಕ್ಕಿತಲ್ಲೋ! ಮುಖ ಯಾಕೆ ಹಾಗಿಟ್ಕೊಂಡಿದ್ದೀಯ?" ಎಂದನು ಭಾವ. "ಸ್ಟೂಲಿಗೆ ಬೇರೆಯವನನ್ನ ನೋಡ್ಕೋತೀನಿ, ಹೋಗು."

"ಮೋಡ ಇದ್ದಾಗ ಇಟ್ಕೊಳ್ಳಲಿಲ್ಲ ಭಾವ" ಎಂದನು ಅವನು. "ಎಷ್ಟು ಚೆನ್ನಾಗಿತ್ತು ಅದು."

ಪೆಟ್ಟಿಗೆಗಳು ಈಗ ನಿಧಾನವಾಗಿ ಹೋಗುತ್ತಿವೆ. ಕೊಂಡವರು ಯಾರೂ ತಿರುಗಿ ತಂದಿಲ್ಲ. ಹೊಸದೊಂದು ತಯಾರಾದಾಗಲೆಲ್ಲ ಚಿಪ್ಪಣ್ಣ ಅದನ್ನು ಕ್ಷೌರದಂಗಡಿಗೆ ಒಯ್ದು ಪರೀಕ್ಷೆ ಮಾಡಿಸುತ್ತಾನೆ. ಕ್ಷೌರಿಕ ಪ್ರತಿಸಲವೂ ಮೋಡಗಳನ್ನು ಕೇಳುತ್ತಾನೆ, ಇವನು ಪ್ರತಿಸಲವೂ ಸಿಡುಕುತ್ತಾನೆ. ಹೊಸ ಪೆಟ್ಟಿಗೆಯಲ್ಲಿ ಆಡಲು ಅವನ ಬೆರಳು ಇನ್ನೂ ಕಲಿತಿಲ್ಲ.

ಹಳೆಯ ನಯವಾದ ಪೆಟ್ಟಿಗೆಯೊಂದನ್ನು ಮಾತ್ರ ಅವನು ಬಿಚ್ಚಿಲ್ಲ. ಸಂಜೆ ತಿರುಗಾಟ ಮುಗಿಸಿ ಆ ಮನೆಯ ಮುಂದೆ ಹಾದುಹೋಗುವಾಗ ಕಿಟಕಿಯಿಂದ ಸದ್ದು ಕೇಳಿಸುತ್ತದೆ. ಟಕ್. ಒಂದು ಉಸಿರು. ಟುಂಯ್. ಒಳಗಿನಿಂದ ತಾಯಿಯ ಧ್ವನಿ: "ಬಿತ್ತೇನೋ?"

"ಇಲ್ಲಮ್ಮ. ದಾಟಿತು."